ಕಣ ಕಾಯುವವರಿಗೊಂದು ಕ್ರೈಂ ಕೈಪಿಡಿ

ಕುಯ್ಲು ಶುರುವಾದರೆ ನಮ್ಮ ಕಡೆ ರಾತ್ರಿಗೂ ಕೆಲಸ. ಸಂಜೆ ಕಣದಲ್ಲಿ ಹರಡಿದ್ದ ಕಾಫಿಯನ್ನು ಎಳೆದು ರಾಶಿ ಮಾಡಿ, ಇಬ್ಬನಿ ತಾಗದಂತೆ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿದ ಮೇಲೆ ಯಾರಾದರೊಬ್ಬರು ಬೆಳಗಿನ ತನಕ ಎಚ್ಚರವಿರಬೇಕು. 2024-25ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತಲ್ಲ, ಆಮೇಲಂತೂ ಕಳಸ, ಮೂಡಿಗೆರೆ ಕಡೆ ಕಾವಲಿಲ್ಲದೆ ಮಲಗುವ ಧೈರ್ಯ ಯಾರಿಗೂ ಇಲ್ಲ. ಬೆಂಕಿ ಒಟ್ಟಿಕೊಂಡು, ಕಂಬಳಿ ಹೊದ್ದು ಕೂತರೆ ಜೊತೆಗಿರುವುದು ನಾಯಿ, ಟಾರ್ಚು, ಮೊಬೈಲು ಮಾತ್ರ. ನಾನು ಟ್ರೂ ಕ್ರೈಂ, ಅಂದರೆ ನಿಜ ಅಪರಾಧಗಳ ಕಥೆ ಕೇಳುವುದನ್ನು ಕಲಿತದ್ದು ಹೀಗೆ ಕೂತೇ. ಸಿಗ್ನಲ್ ಸಿಗುವುದು ಕಣದ ಮೇಲ್ಮೂಲೆಯಲ್ಲಿ ಮಾತ್ರವಾದ್ದರಿಂದ ಸಂಜೆಯೇ ನಾಲ್ಕೈದು ಕಂತು ಇಳಿಸಿಕೊಂಡಿರುತ್ತೇನೆ.

ಈಗ ನಮ್ಮ ಪಿಕಪ್ ಓಡಿಸುವ ಹುಡುಗ ಕೇಳುತ್ತಾನೆ, ಅತ್ತಿಗೆ ಅಡುಗೆಮನೆಯಲ್ಲಿ ಕೇಳುತ್ತಾರೆ, ಕೂಲಿ ಲೈನಿನಲ್ಲಿ ಪಾತ್ರೆ ತೊಳೆಯುವಾಗಲೂ ಯಾವುದೋ ಕೊಲೆಯ ಕಥೆ ಹರಿಯುತ್ತಿರುತ್ತದೆ. ‘ಅಣ್ಣಾ, ಯಾವುದು ಚೆನ್ನಾಗಿದೆ?’ ಎಂದು ಹುಡುಗರು ಕೇಳುತ್ತಾರೆ. ಹೆಸರು ಹೇಳುವುದು ಸುಲಭ. ಆದರೆ ಸಂಗೀತ ಕಛೇರಿಗೆ ಹೋಗುವವರು ತಾಳ ಹಾಕಲು ಕಲಿಯುವ ಹಾಗೆ, ಯಕ್ಷಗಾನಕ್ಕೆ ಹೋಗುವವರು ಭಾಗವತರ ಪದಕ್ಕೂ ವೇಷದವರ ಮಾತಿಗೂ ಇರುವ ನಂಟನ್ನು ಗುರುತಿಸಲು ಕಲಿಯುವ ಹಾಗೆ, ಇದಕ್ಕೂ ಕಿವಿ ಪಳಗಬೇಕು.

ನಮ್ಮಲ್ಲಿ ಇದು ಹೊಸದಲ್ಲ. 1995ರಲ್ಲಿ ‘ಹಾಯ್ ಬೆಂಗಳೂರ್’ ಶುರು ಮಾಡಿದ ರವಿ ಬೆಳಗೆರೆ ಮುಂದೆ ಈಟಿವಿಯ ‘ಕ್ರೈಂ ಡೈರಿ’ಯಲ್ಲಿ ಕಾಣಿಸಿಕೊಂಡಾಗ, ಮಲೆನಾಡಿನ ಒಂಟಿಮನೆಗಳಲ್ಲಿ ಆ ಧ್ವನಿಗಾಗಿ ಊಟ ಮುಂದೆ ಹಾಕಿ ಕಾಯುತ್ತಿದ್ದರು. ಇವತ್ತು ಆ ಜಾಗಕ್ಕೆ ನಿವೃತ್ತ ಪೊಲೀಸ್ ಅಧಿಕಾರಿಗಳು ಬಂದಿದ್ದಾರೆ. ‘ಕಲಾಮಾಧ್ಯಮ’ದಂಥ ಯೂಟ್ಯೂಬ್ ವಾಹಿನಿಗಳಲ್ಲಿ ಎಸ್.ಕೆ. ಉಮೇಶ್, ‘ಟೈಗರ್’ ಅಶೋಕ್ ಕುಮಾರ್ ಮೊದಲಾದವರು ಒಂದೇ ಪ್ರಕರಣವನ್ನು ಹಲವು ಕಂತುಗಳಲ್ಲಿ ಹೇಳುತ್ತಾರೆ. ಹಿನ್ನೆಲೆ ಸಂಗೀತ ಬೇಕಿಲ್ಲ, ನಟರು ಬೇಕಿಲ್ಲ, ಕುರ್ಚಿಯಲ್ಲಿ ಕೂತ ಒಬ್ಬ ಮನುಷ್ಯ ಮಾತಾಡಿದರೆ ಸಾಕು. ಟ್ರೂ ಕ್ರೈಂನಲ್ಲಿ ಕನ್ನಡದ್ದೇ ಆದ ಪ್ರಕಾರ ಯಾವುದೆಂದರೆ ನಾನು ಇದನ್ನೇ ತೋರಿಸುತ್ತೇನೆ. ಹರಿಕಥೆಗೂ ಜಗಲಿಯ ಪಟ್ಟಾಂಗಕ್ಕೂ ಇದು ಹತ್ತಿರ.

ಇವುಗಳಲ್ಲಿ ಸವಿಯಬೇಕಾದದ್ದು ಅಲ್ಲಿ ಇದ್ದವರಿಗೆ ಮಾತ್ರ ಗೊತ್ತಿರುವ ಸಣ್ಣ ಸಂಗತಿಗಳನ್ನು. ಜೀಪಿಗೆ ಡೀಸೆಲ್ ಹಾಕಿಸಲು ದುಡ್ಡಿರಲಿಲ್ಲ ಎನ್ನುವುದು, ಮಹಜರಿಗೆ ಪಂಚರು ಸಿಗದೆ ಪರದಾಡಿದ್ದು, ಠಾಣೆ ಬರಹಗಾರನ ಕೈಬರಹ, ಇಂಥವು. ಸಿನಿಮಾದವರಿಗೆ ಇವು ಹೊಳೆಯುವುದಿಲ್ಲ. ಆದರೆ ಒಂದು ಜಾಗದಲ್ಲಿ ಕಿವಿ ನಿಮಿರಬೇಕು. ಕಥೆ ಓಡುತ್ತಾ ಓಡುತ್ತಾ ‘ಬಾಯಿ ಬಿಡಿಸಿದೆವು’ ಎಂಬ ಮಾತು ಬರುತ್ತದೆ. ಹೇಗೆ ಬಿಡಿಸಿದರು ಎಂಬುದು ಮಾತ್ರ ಬರುವುದಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಆರೋಪಿಯ ಮಾತಿನಿಂದ ಹೊಸದಾಗಿ ಒಂದು ವಸ್ತು ಸಿಕ್ಕರೆ, ಆ ಸಿಕ್ಕ ವಸ್ತುವಿಗೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಈ ಒಂದು ನಿಯಮ ತಲೆಯಲ್ಲಿದ್ದರೆ ಕಥೆಯ ಯಾವ ಭಾಗ ಗಟ್ಟಿ, ಯಾವ ಭಾಗ ಪೊಳ್ಳು ಎಂದು ನಿಮಗೇ ತಿಳಿಯುತ್ತದೆ. ಹಾಗೆಯೇ ಎಫ್‌ಐಆರ್, ಆರೋಪಪಟ್ಟಿ, ತೀರ್ಪು ಈ ಮೂರೂ ಬೇರೆ ಬೇರೆ. ಹೇಳುವವರು ಯಾವುದರಿಂದ ಹೇಳುತ್ತಿದ್ದಾರೆ ಎಂದು ಪ್ರತಿ ಕಂತಿನಲ್ಲೂ ಕೇಳಿಕೊಳ್ಳಿ.

ದೃಶ್ಯರೂಪದಲ್ಲಿ ನೋಡುವುದಾದರೆ ‘ಡ್ಯಾನ್ಸಿಂಗ್ ಆನ್ ದಿ ಗ್ರೇವ್’ನಿಂದ ಶುರು ಮಾಡಿ. ಪ್ಯಾಟ್ರಿಕ್ ಗ್ರಹಾಂ ನಿರ್ದೇಶನದ ನಾಲ್ಕು ಕಂತಿನ ಈ ಸಾಕ್ಷ್ಯಚಿತ್ರ 2023ರ ಏಪ್ರಿಲ್‌ನಲ್ಲಿ ಪ್ರೈಮ್ ವಿಡಿಯೊದಲ್ಲಿ ಬಂತು. ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರೆ ಖಲೀಲಿ 1991ರಲ್ಲಿ ಬೆಂಗಳೂರಿನ ರಿಚ್ಮಂಡ್ ರಸ್ತೆಯ ತಮ್ಮ ಮನೆಯಿಂದ ಕಾಣೆಯಾದರು. ಎರಡನೇ ಗಂಡ ಶ್ರದ್ಧಾನಂದ ದಿನಕ್ಕೊಂದು ಸಬೂಬು ಹೇಳಿದ. ಮಗಳು ಸಬಾ ಬಿಡದೆ ಹುಡುಕಿದರು. 1994ರಲ್ಲಿ ಅದೇ ಮನೆಯ ಹಿತ್ತಲಲ್ಲಿ, ಮರದ ಪೆಟ್ಟಿಗೆಯೊಳಗೆ ಅವರ ಅಸ್ಥಿಗಳು ಸಿಕ್ಕವು. ಆ ಜಾಗದ ಮೇಲೆ ನೆಲಗಟ್ಟು ಹಾಕಿಸಿ ಮೂರು ವರ್ಷ ಅವನು ಓಡಾಡಿಕೊಂಡಿದ್ದ. ಶಿಕ್ಷೆಯ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರದೆ ಪ್ರಕರಣ ಮೂವರ ಪೀಠಕ್ಕೆ ಹೋಯಿತು. 2008ರಲ್ಲಿ ಆ ಪೀಠ ಗಲ್ಲನ್ನು ತಪ್ಪಿಸಿ, ಬದುಕಿರುವವರೆಗೆ ಬಿಡುಗಡೆಯಿಲ್ಲದ ಜೀವಾವಧಿ ವಿಧಿಸಿತು. ಅಂಥ ಶಿಕ್ಷೆಗೆ ಇವತ್ತಿಗೂ ವಕೀಲರು ಉಲ್ಲೇಖಿಸುವುದು ಈ ತೀರ್ಪನ್ನೇ.

ಇದನ್ನು ಎರಡು ಸಲ ನೋಡಿ. ಮೊದಲ ಸಲ ಕಥೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ಹೋಗಲಿ. ಎರಡನೇ ಸಲ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಯಾರಿಗೆ ಎಷ್ಟು ಹೊತ್ತು ಕೊಟ್ಟಿದ್ದಾರೆ ನೋಡಿ. ಜೈಲಿನಿಂದ ಶ್ರದ್ಧಾನಂದನೇ ಕ್ಯಾಮೆರಾದ ಮುಂದೆ ಕೂತು ತನ್ನ ಮಾತು ಹೇಳುತ್ತಾನೆ, ಮೆಲ್ಲಗೆ, ಆರಾಮಾಗಿ. ಉತ್ತರ ಕೊಡಲು ಶಾಕಿರೆ ಇಲ್ಲ. ಬದುಕಿರುವವನ ಮಾತು ಸತ್ತವರ ಮೌನದ ಮೇಲೆ ಹೀಗೆ ಹರಡಿಕೊಳ್ಳುವುದು ಈ ಪ್ರಕಾರದ ಅತಿ ದೊಡ್ಡ ಅಪಾಯ. ಅವನನ್ನು ತೋರಿಸಬಾರದಿತ್ತು ಎಂದು ನಾನು ಹೇಳುವುದಿಲ್ಲ, ಅವನ ಮಾತು ಕೇಳುವಾಗ ಮೈ ಜುಮ್ಮೆನ್ನುವುದರಲ್ಲೂ ಒಂದು ತಿಳಿವಳಿಕೆ ಇದೆ. ಆದರೆ ಶಾಕಿರೆಯ ಹಳೆಯ ಫೋಟೊಗಳು, ಮನೆ ಕಟ್ಟಿಸುವ ಅವರ ಉಮೇದು, ಮಕ್ಕಳೊಂದಿಗಿನ ಒಡನಾಟ ಬಂದಾಗಲೇ ಚಿತ್ರಕ್ಕೆ ಜೀವ ಬರುತ್ತದೆ. ಮುಗಿದ ಮೇಲೆ ನಿಮಗೆ ಕೊಂದವನ ಮುಖದಷ್ಟೇ ಸ್ಪಷ್ಟವಾಗಿ ಸತ್ತವರ ಮುಖವೂ ನೆನಪಿದ್ದರೆ ಆ ಕೃತಿ ಗೆದ್ದಿದೆ ಎಂದೇ ನನ್ನ ಅಳತೆ.

ಇಂಥ ಕಥೆ ಕೇಳುವಾಗ ಇನ್ನೊಂದು ನಿಯಮವೂ ನೆನಪಿರಲಿ. ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಸಾರ್ಡಾ ಪ್ರಕರಣದಲ್ಲಿ ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ಷರತ್ತು ಹಾಕಿತು. ಸಾರ ಇಷ್ಟು: ಸಾಕ್ಷ್ಯದ ಸರಪಳಿಯ ಪ್ರತಿ ಕೊಂಡಿಯೂ ಪೂರ್ತಿ ಸಾಬೀತಾಗಿರಬೇಕು, ಮತ್ತು ಆ ಸರಪಳಿ ಬೇರೆ ಯಾವ ಸಾಧ್ಯತೆಗೂ ಜಾಗ ಬಿಡಬಾರದು. ಇದರ ತೂಕ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ.

ಒಂದು ವರ್ಷ ನಮ್ಮ ಗೋದಾಮಿನಲ್ಲಿ ಎರಡು ಮೂಟೆ ಒಣ ಚೆರಿ ಕಡಿಮೆ ಬಂತು. ಲೈನಿಗೆ ಹೊಸದಾಗಿ ಅಸ್ಸಾಮಿನಿಂದ ಬಂದ ಹುಡುಗನೊಬ್ಬನಿದ್ದ. ಹಿಂದಿನ ರಾತ್ರಿ ಗೋದಾಮಿನ ಹತ್ತಿರ ಅವನನ್ನು ಕಂಡವರಿದ್ದರು. ಅವನ ಫೋನು ಆ ರಾತ್ರಿ ಸ್ವಿಚ್ ಆಫ್ ಆಗಿತ್ತು. ಮರುದಿನ ಪೇಟೆಯಲ್ಲಿ ಹೊಸ ಚಪ್ಪಲಿ ಕೊಂಡಿದ್ದ. ನಾನೇ ಇಷ್ಟನ್ನೂ ಒಂದರ ಹಿಂದೊಂದು ಪೋಣಿಸಿದೆ. ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಚಪ್ಪಲಿಯ ವಿಷಯವನ್ನು ಕೊನೆಗೆ ಇಟ್ಟು ಹೇಳಿದೆ. ಯಾರೂ ಅವನ ಮೇಲೆ ಕೈ ಮಾಡಲಿಲ್ಲ, ಆದರೆ ಮಾತಾಡಿಸುವುದನ್ನೂ ಬಿಟ್ಟರು. ನಾಲ್ಕನೇ ದಿನ ಬೆಳಗಿನ ಬಸ್ಸಿಗೆ ಹೊರಟುಹೋದ, ಬಾಕಿ ಕೂಲಿಯನ್ನೂ ಕೇಳಲಿಲ್ಲ. ಎರಡು ವಾರ ಕಳೆದು ಲೆಕ್ಕದ ಪುಸ್ತಕ ತಿರುವುವಾಗ ತೂಕದ ಚೀಟಿಯೊಂದು ಸಿಕ್ಕಿತು. ಆ ಎರಡು ಮೂಟೆ ಹಿಂದಿನ ಲೋಡಿನಲ್ಲೇ ಕ್ಯೂರಿಂಗಿಗೆ ಹೋಗಿದ್ದವು. ಪುಸ್ತಕದಲ್ಲಿ ಬರೆಯಲು ಮರೆತವನು ನಾನು. ಕಳ್ಳತನವೇ ಆಗಿರಲಿಲ್ಲ.

ಅಂದಿನಿಂದ ನಾನು ಕೇಳುವ ರೀತಿಯೇ ಬೇರೆ. ಅಮೆರಿಕದ ‘ಸೀರಿಯಲ್’ ಪಾಡ್‌ಕಾಸ್ಟ್ 2014ರಲ್ಲಿ ಈ ಪ್ರಕಾರವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಅದರಲ್ಲಿ ನಿರೂಪಕಿ ಸಾರಾ ಕೇನಿಗ್ ‘ನನಗೆ ಖಾತ್ರಿ ಇಲ್ಲ’ ಎಂಬ ಭಾವವನ್ನು ಕಂತಿನಿಂದ ಕಂತಿಗೆ ಹೊತ್ತು ನಡೆಯುತ್ತಾರೆ. ಹೊಸಬರಿಗೆ ಇದು ಎಳೆದಾಟ ಅನ್ನಿಸುತ್ತದೆ. ನನಗೆ ಅದೇ ಅದರ ಹಿರಿಮೆ. ಹೇಳುವವರ ತಿಳಿವಳಿಕೆ ಎಲ್ಲಿ ಮುಗಿಯುತ್ತದೋ ಆ ಗಡಿಯನ್ನು ಕೇಳುವವರಿಗೆ ತೋರಿಸಿಬಿಡುವುದು ಕಷ್ಟದ ಕಲೆ. ಬೇಲಿ ಎಲ್ಲಿದೆ ಎಂದು ಹೇಳದೆ ತೋಟ ತೋರಿಸುವವರನ್ನು ನಾವು ನಂಬುವುದಿಲ್ಲವಲ್ಲ.

ಕಥೆ ಪಕ್ಕದ ಊರಿನದಾದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ, ಧರ್ಮಸ್ಥಳ. 2012ರಲ್ಲಿ ಅಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. 2023ರ ಜೂನ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಏಕೈಕ ಆರೋಪಿಯನ್ನು ಖುಲಾಸೆ ಮಾಡಿತು. 2025ರ ಫೆಬ್ರುವರಿಯಲ್ಲಿ ಈ ಕೊಲೆಯ ಬಗ್ಗೆ ಎಐ ಚಿತ್ರಗಳನ್ನು ಬಳಸಿ ಮಾಡಿದ ಯೂಟ್ಯೂಬ್ ವಿಡಿಯೊವೊಂದು ಕೋಟಿಗೂ ಮೀರಿದ ವೀಕ್ಷಣೆ ಪಡೆಯಿತು. ಜುಲೈನಲ್ಲಿ ಮಾಜಿ ಸ್ವಚ್ಛತಾ ಕಾರ್ಮಿಕರೊಬ್ಬರು ಧರ್ಮಸ್ಥಳದಲ್ಲಿ ಶವಗಳನ್ನು ಹೂತಿದ್ದಾಗಿ ದೂರು ಕೊಟ್ಟರು, ಸರ್ಕಾರ ಎಸ್‌ಐಟಿ ರಚಿಸಿತು, ಅಗೆತ ನಡೆಯಿತು, ಆಗಸ್ಟ್‌ನಲ್ಲಿ ಎಸ್‌ಐಟಿ ಆ ದೂರುದಾರರನ್ನೇ ಬಂಧಿಸಿತು. ಆ ತಿಂಗಳುಗಳಲ್ಲಿ ನಮ್ಮ ಕಡೆಯ ಬಸ್ಸು, ಹೋಟೆಲು, ಮದುವೆ ಮನೆಗಳಲ್ಲೆಲ್ಲ ಇದೇ ಮಾತು. ದೂರನ್ನು ನಂಬಿದವರೂ ನಂಬದವರೂ ಗುಂಡಿಗಳನ್ನು ಎಣಿಸುತ್ತಿದ್ದರು. ನನ್ನನ್ನು ಕಾಡಿದ್ದು ಎಐ ಚಿತ್ರಗಳು. ಆ ಮಬ್ಬು ಬೆಳಕು, ಆ ಕಾಡು, ಆ ಮುಖ, ಯಾವುದನ್ನೂ ಯಾರೂ ಕಂಡದ್ದಲ್ಲ. ಆದರೂ ಒಮ್ಮೆ ನೋಡಿದ ಮೇಲೆ ಕಂಡ ಹಾಗೇ ನೆನಪಾಗುತ್ತದೆ. ಇಂಥ ಚಿತ್ರ ಬಂದಾಗ ಕಣ್ಣು ಮುಚ್ಚಿ ಮಾತನ್ನು ಮಾತ್ರ ಕೇಳಿ. ಮಾತಿನಲ್ಲಿ ದಿನಾಂಕ, ದಾಖಲೆ, ಸಾಕ್ಷಿ ಇದ್ದರೆ ಅದು ಕತ್ತಲೆಯಲ್ಲೂ ನಿಲ್ಲುತ್ತದೆ. ಇಷ್ಟೆಲ್ಲ ಗದ್ದಲದ ನಡುವೆಯೂ ಆ ಹುಡುಗಿಯನ್ನು ಕೊಂದವರು ಯಾರು ಎಂಬ ಪ್ರಶ್ನೆ ಮೊದಲಿದ್ದ ಜಾಗದಲ್ಲೇ ನಿಂತಿದೆ. ಅವಳ ಮನೆಯವರಿಗೆ ಅದು ಕಂತು ಕಂತಾಗಿ ಕೇಳಿ ಮುಗಿಸುವ ಕಥೆಯಲ್ಲ.

ಕಲ್ಪನೆಗೆ ಹತ್ತಿರ ಸರಿದ ಕೃತಿಗಳನ್ನೂ ಬಿಡಬೇಡಿ. 2023ರ ಹಿಂದಿ ಸರಣಿ ‘ದಹಾಡ್’ ರಾಜಸ್ಥಾನದಲ್ಲಿ ನಡೆಯುತ್ತದೆ, ಆದರೆ ಅದರ ಬೇರು ನಮ್ಮ ಘಟ್ಟದ ಕೆಳಗಿದೆ ಎಂಬುದು ನೋಡಿದ ಕರಾವಳಿಯವರಿಗೆಲ್ಲ ಹೊಳೆಯಿತು. ಸಯನೈಡ್ ಮೋಹನ್ ಎಂದು ಕುಖ್ಯಾತನಾದ ಮೋಹನ್ ಕುಮಾರ್ ಸಿಕ್ಕಿಬಿದ್ದದ್ದು 2009ರಲ್ಲಿ. ಅವನ ಮೇಲೆ ಇಪ್ಪತ್ತು ಮಹಿಳೆಯರ ಕೊಲೆಯ ಆರೋಪ ಬಂತು, 2013ರಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲು ವಿಧಿಸಿತು, ಮುಂದೆ ಮೇಲಿನ ನ್ಯಾಯಾಲಯದಲ್ಲಿ ಪ್ರಕರಣಕ್ಕೊಂದು ತೀರ್ಪು ಬಂತು. ಮದುವೆಯ ಆಸೆ ತೋರಿಸಿ ದೂರದ ಊರಿಗೆ ಕರೆದೊಯ್ಯುವುದು, ಒಡವೆ ಲಾಡ್ಜಿನಲ್ಲೇ ಬಿಚ್ಚಿಡಿಸುವುದು, ಬಸ್ ನಿಲ್ದಾಣದ ಶೌಚಾಲಯದಲ್ಲಿ ಮಾತ್ರೆ ನುಂಗಿಸುವುದು ಅವನ ಕ್ರಮ. ಒಂದೊಂದು ಸಾವೂ ಒಂದೊಂದು ಊರಿನ ಠಾಣೆಯಲ್ಲಿ ಗುರುತು ಸಿಗದ ಹೆಂಗಸು ಎಂದು ದಾಖಲಾಯಿತು. ಮಗಳು ಯಾರೊಂದಿಗೋ ಹೋದಳು ಎಂಬ ನಾಚಿಕೆಗೆ ಎಷ್ಟೋ ಮನೆಯವರು ದೂರನ್ನೇ ಕೊಟ್ಟಿರಲಿಲ್ಲ. ‘ದಹಾಡ್’ ಹಿಡಿದದ್ದು ಈ ನಾಚಿಕೆಯನ್ನು, ವರದಕ್ಷಿಣೆಯನ್ನು, ಜಾತಿಯನ್ನು. ಕೊಲೆಗಾರ ಯಾರೆಂದು ಮುಚ್ಚಿಡುವ ಆಟಕ್ಕೆ ಅದು ಹೋಗುವುದೇ ಇಲ್ಲ. ಸಾಕ್ಷ್ಯಚಿತ್ರಕ್ಕೆ ಕೈಗೆಟುಕದ್ದನ್ನು ಕಲ್ಪನೆ ಹೀಗೆ ಎಟುಕಿಸಿಕೊಳ್ಳಬಲ್ಲದು.

‘ದಿ ಹಂಟ್ ಫಾರ್ ವೀರಪ್ಪನ್’ ಸಾಕ್ಷ್ಯಚಿತ್ರದ ಬಗ್ಗೆ ಒಂದೇ ಮಾತು: ಡಬ್ಬಿಂಗ್ ತೆಗೆದು ಮೂಲ ಧ್ವನಿಯಲ್ಲೇ ನೋಡಿ. ಕಾಡಂಚಿನ ಜನರ ತಮಿಳು, ಕನ್ನಡ ಎರಡೂ ಕೇಳಬೇಕು. ವೀರಪ್ಪನ್‌ನನ್ನು ಹಿಡಿಯುವ ಪೊಲೀಸ್ ಕಾರ್ಯಾಚರಣೆಯ ಹೆಸರಲ್ಲಿ ಹಿಂಸೆ ಉಂಡ ಹಳ್ಳಿಗರ ಮಾತು ಬರುವ ಕಡೆ ನಿಧಾನಿಸಿ. ಆ ಹಿಂಸೆಯನ್ನು ವಿಚಾರಿಸಲೆಂದೇ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಕೂತಿತ್ತು.

ಇಷ್ಟೆಲ್ಲಕ್ಕೂ ಮೊದಲು, ಸಾಧ್ಯವಾದರೆ, ಮೂಡಿಗೆರೆಯಲ್ಲೇ ಕೂತು ಪೂರ್ಣಚಂದ್ರ ತೇಜಸ್ವಿ ಬರೆದ ‘ಚಿದಂಬರ ರಹಸ್ಯ’ ಓದಿ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಗಿರೀಶ್ ಕಾರ್ನಾಡರು ಇದನ್ನು ಕಿರುತೆರೆಗೂ ತಂದರು. ಅಪರಾಧ ನಿಜವಾದದ್ದಲ್ಲ, ಆದರೆ ಊರು ನಿಜ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವನ್ನು ಹುಡುಕಿಕೊಂಡು ಅಂಗಾಡಿ ಎಂಬವನು ಕೆಸರೂರಿಗೆ ಬರುತ್ತಾನೆ. ಅವನಿಗೆ ಸಿಗುವುದು ಸುಳಿವುಗಳಲ್ಲ, ಊರಿನ ಮಾತು. ಒಬ್ಬೊಬ್ಬರದ್ದೂ ಒಂದೊಂದು ಕಥೆ, ಒಂದೊಂದು ಅನುಮಾನ. ಆ ಮಾತುಗಳು ದಟ್ಟವಾಗುತ್ತಾ ಹೋಗಿ ಕೊನೆಗೆ ಬೆಂಕಿಯೇ ಸುತ್ತುವರಿಯುತ್ತದೆ. ಕೊಲೆಯ ಕಥೆಯಲ್ಲಿ ಊರನ್ನು ಹೇಗೆ ಕೇಳಬೇಕು ಎಂದು ನನಗೆ ಕಲಿಸಿದ್ದು ಅದು.

ಕೇಳುವಾಗ ಒಂದೇ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಳ್ಳಿ, ಇನ್ನೊಂದು ಕಣಕ್ಕಿರಲಿ. ಕಂತು ಮುಗಿದ ಮೇಲೆ ಎರಡು ಸಾಲು ಬರೆದಿಡಿ: ಯಾರ ಧ್ವನಿ ಕೇಳಿಸಲಿಲ್ಲ, ಯಾವ ಮಾತಿಗೆ ಆಧಾರ ಕೊಡಲಿಲ್ಲ. ನಾನು ಬರೆಯುವುದು ತೋಟದ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ. ಅದೇ ಪುಸ್ತಕದ ಮುಂಬದಿಯಲ್ಲಿ ಆ ಅಸ್ಸಾಮಿನ ಹುಡುಗನ ಹನ್ನೊಂದು ದಿನದ ಕೂಲಿ ಇನ್ನೂ ಬಾಕಿ ಎಂದೇ ಇದೆ. ಅವನ ನಂಬರಿಗೆ ಈಗಲೂ ಆಗಾಗ ಹಚ್ಚುತ್ತೇನೆ.