ಕೊಡಗಿನ ಒಡಿಕತ್ತಿ: ಪ್ರಮಾಣ ಮತ್ತು ಪ್ರಯೋಜನ

ಕೊಡಗಿನ ಕತ್ತಿಗಳನ್ನು ಉಡುಪಿನ ಅಂಗವೆಂದು ವರ್ಣಿಸುವ ರೂಢಿ ಹಳೆಯದು. 1870ರಲ್ಲಿ ಪ್ರಕಟವಾದ ರಿಕ್ಟರ್ ಅವರ ಕೊಡಗಿನ ಕೈಪಿಡಿಯಲ್ಲಿಯೂ ದಂತದ ಅಥವಾ ಬೆಳ್ಳಿಯ ಹಿಡಿ, ಬೆಳ್ಳಿಯ ಸರಪಳಿಗಳು ಉಡುಪಿನ ವರ್ಣನೆಯೊಳಗೇ ಬರುತ್ತವೆ. ನಡುವಿನ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಯ ಮಟ್ಟಿಗೆ ಈ ಕ್ರಮ ಸಲ್ಲಬಹುದು. ಒಡಿಕತ್ತಿಗೆ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಒಡಿಕತ್ತಿಯ ಅಲಗು ಹಿಡಿಯ ಬಳಿ ಕಿರಿದಾಗಿದ್ದು, ಮುಂದೆ ಹೋದಂತೆ ಅಗಲವಾಗಿ ಒಳಕ್ಕೆ ಬಾಗುತ್ತದೆ. ಹರಿತವಾದ ಬಾಯಿ ಇರುವುದು ಬಾಗಿನ ಒಳಮಗ್ಗುಲಿನಲ್ಲಿ. ತೂಕವು ಮುಂಭಾಗದಲ್ಲಿ ನೆಲೆಸುವುದರಿಂದ ಬೀಸಿದ ಕೈಯ ಬಲವೆಲ್ಲ ಕಡಿಯುವ ಸ್ಥಳದಲ್ಲಿಯೇ ಕೂಡುತ್ತದೆ. ಒಳಬಾಗು ಕಡಿಯುವ ವಸ್ತುವನ್ನು ಜಾರಗೊಡುವುದಿಲ್ಲ. ಹೀಗೆ ಹರಡಿದ ಅಲಗು ಬಿಗಿಯಾದ ಒರೆಗೆ ಒಗ್ಗದು. ಅದನ್ನು ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ಒರೆಯಿಲ್ಲದೆಯೇ ಧರಿಸುತ್ತಾರೆ. ಇಲ್ಲಿ ಅಂದವೂ ಪ್ರಯೋಜನವೂ ಬೇರೆಬೇರೆಯಲ್ಲ.

ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ಕಡಿಯುವ ವಿಧಿ ಈ ಪ್ರಮಾಣಕ್ಕೆ ಒಡ್ಡಿದ ಪರೀಕ್ಷೆಯೇ ಸರಿ. ಹೊರಗೆರೆಯನ್ನಷ್ಟೇ ಅನುಕರಿಸಿ ತೆಳುವಾದ ತಗಡಿನಿಂದ ಮಾಡಿದ ಕತ್ತಿ ಗೋಡೆಗೆ ಶೋಭೆ ತಂದೀತು, ದಿಂಡನ್ನು ಕಡಿಯಲಾರದು. ಆದರೆ ವಸ್ತುಸಂಗ್ರಹಾಲಯದ ಪಟ್ಟಿಯಲ್ಲಿ ಉದ್ದವೂ ಅಲಂಕರಣವೂ ಮಾತ್ರ ದಾಖಲಾದರೆ ಈ ಎರಡಕ್ಕೂ ಭೇದವೇ ಉಳಿಯದು. ತೂಕ, ಬೆನ್ನಿನ ದಪ್ಪ, ಅಲಗಿನ ಅತ್ಯಧಿಕ ಅಗಲ, ಕತ್ತಿ ಬೆರಳ ಮೇಲೆ ಸಮವಾಗಿ ನಿಲ್ಲುವ ಬಿಂದು—ಇವನ್ನೂ ಬರೆದಿಡುವುದು ಅವಶ್ಯ. ಕತ್ತಿಯನ್ನು ಬಡಿದ ಕಮ್ಮಾರನ ಹೆಸರು ನಮಗೆ ದೊರೆಯದಿದ್ದರೂ, ಅವನ ವಿಚಾರವು ಈ ಅಳತೆಗಳಲ್ಲಿ ಉಳಿದಿದೆ. ಅದನ್ನು ಓದದೆ ಬಿಟ್ಟರೆ ನಷ್ಟ ಇತಿಹಾಸದ್ದೇ.