ರೇಖಾನ್ವೇಷಣದಲ್ಲಿ ಹೆಜ್ಜೆಯ ಲಕ್ಷಣ

ಚರಗಳಿಗೆ ಯಾವ ನಿರ್ಬಂಧವೂ ಇಲ್ಲದಿರುವಲ್ಲಿ ಫಲನವೊಂದರ ಕನಿಷ್ಠ ಬೆಲೆಯನ್ನು ಸಂಖ್ಯಾಗಣನದಿಂದ ಅರಸುವ ವಿಧಾನಗಳಲ್ಲಿ ರೇಖಾನ್ವೇಷಣವು ಪ್ರಧಾನವಾದುದು. ಇದಕ್ಕೆ ಅಂಗಗಳು ಎರಡು: ಇಳಿಯುವ ದಿಕ್ಕನ್ನು ಆರಿಸುವುದೊಂದು, ಆ ದಿಕ್ಕಿನಲ್ಲಿ ಎಷ್ಟು ದೂರ ನಡೆಯಬೇಕೆಂದು ನಿಶ್ಚಯಿಸುವುದೊಂದು. ಅತಿ ಕಡಿದಾದ ಇಳಿಜಾರನ್ನು ಹಿಡಿಯುವ ಮಾರ್ಗವನ್ನು ಫ್ರೆಂಚ್ ಗಣಿತಜ್ಞನಾದ ಕೋಶಿಯು 1847ರಲ್ಲಿಯೇ ತೋರಿಸಿದನು. ಹೆಜ್ಜೆಯ ಲಕ್ಷಣವು ನಿರ್ದುಷ್ಟವಾಗುವುದಕ್ಕಾದರೋ ನೂರು ವರ್ಷಗಳಿಗೂ ಮೇಲೆ ಹಿಡಿಯಿತು. ಅವ್ಯಾಪ್ತಿ, ಅತಿವ್ಯಾಪ್ತಿಗಳೆಂಬ ತಾರ್ಕಿಕರ ಒರೆಗಲ್ಲಿಗೆ ತಿಕ್ಕಿದರೆ ಇದರ ಕಾರಣವು ಸ್ಪಷ್ಟವಾಗುತ್ತದೆ.

ರೇಖೆಯ ಮೇಲಣ ಕನಿಷ್ಠವನ್ನೇ ಮುಟ್ಟಿಸುವುದು ಯೋಗ್ಯವಾದ ಹೆಜ್ಜೆಯೆಂದರೆ ಅವ್ಯಾಪ್ತಿ. ಸ್ವಲ್ಪ ಗಣನದಿಂದ ದೊರೆಯುವ ಅನೇಕ ಉಪಯುಕ್ತ ಹೆಜ್ಜೆಗಳು ಹೊರಗುಳಿಯುತ್ತವೆ. ಬೆಲೆ ಇಳಿದರೆ ಸಾಕೆಂದರೆ ಅತಿವ್ಯಾಪ್ತಿ. ಒಂದು ಸಂಖ್ಯೆಯ ವರ್ಗವೇ ಫಲನವಾಗಿರಲಿ. ಅದರ ಕನಿಷ್ಠವು 0ಯಲ್ಲಿದೆ. 2, −3/2, 5/4, −9/8 ಎಂದು ಅತ್ತಿತ್ತ ಹಾರುತ್ತ ಹೋದರೆ ಬೆಲೆಯು 4, 9/4, 25/16, 81/64 ಎಂದು ಪ್ರತಿಸಲವೂ ಇಳಿಯುತ್ತದೆ. ಆದರೂ 1ಕ್ಕಿಂತ ಕೆಳಗೆ ಎಂದಿಗೂ ಬಾರದು. ಇಳಿಕೆಯುಂಟು, ಸಿದ್ಧಿಯಿಲ್ಲ.

1966ರಲ್ಲಿ ಆರ್ಮಿಹೊ ಅವರು ಇದಕ್ಕೆ ಪರಿಹಾರವನ್ನು ಹೇಳಿದರು. ಮೊದಲಿನ ಇಳಿಜಾರನ್ನು ನಡೆದ ದೂರದಿಂದ ಗುಣಿಸಿದಾಗ ಬರುವ ಮೊತ್ತದ ಒಂದು ನಿಯತ ಭಾಗದಷ್ಟಾದರೂ ಇಳಿಕೆಯಾಗಬೇಕು. ಆಗದಿದ್ದರೆ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಬೇಕು. ಆ ಭಾಗವು 1/10 ಆಗಿದ್ದರೆ ಮೇಲಿನ ಎರಡನೆಯ ಹಾರಿಕೆಯೇ ತಿರಸ್ಕೃತವಾಗುತ್ತದೆ: ಬೇಕಾದ ಇಳಿಕೆ 0.825, ಆದದ್ದು 0.6875. ದೂರವನ್ನು ಅರ್ಧಮಾಡಿದೊಡನೆ −3/2ರಿಂದ −1/8ಕ್ಕೆ ಬಂದು ಬೆಲೆಯು 1/64 ಆಗುತ್ತದೆ.

ಆದರೆ 2, 3/2, 5/4, 9/8 ಎಂಬ ಕುಂಟುನಡಿಗೆಯೂ 1ರಲ್ಲಿಯೇ ನಿಲ್ಲುವಂಥದು. ಅದನ್ನು ಈ ಅಸಮತೆಯು ತಡೆಯಲಾರದು. ಇದಕ್ಕಾಗಿ 1969ರಲ್ಲಿ ವುಲ್ಫ್ ಅವರು ಎರಡನೆಯ ನಿಬಂಧನೆಯನ್ನು ಕೂಡಿಸಿದರು: ಹೆಜ್ಜೆಯ ಕೊನೆಯಲ್ಲಿ ಇಳಿಜಾರು ಮೊದಲಿನದರ ನಿಯತ ಭಾಗಕ್ಕಾದರೂ ತಗ್ಗಿರಬೇಕು. ಆ ಭಾಗವು ಅರ್ಧವಾದರೆ, 2ರಿಂದ 3/2ಕ್ಕೆ ಬಂದಾಗ ಇಳಿಜಾರು 4ರಿಂದ 3ಕ್ಕೆ ಮಾತ್ರ ತಗ್ಗುವುದರಿಂದ, ಮೊದಲ ಹೆಜ್ಜೆಯೇ ಅಗ್ರಾಹ್ಯ.

ಹಾಗಾದರೆ ಆರ್ಮಿಹೊ ಅವರ ಲಕ್ಷಣವು ದುಷ್ಟವೆ? ಅಸಮತೆಯನ್ನು ಮಾತ್ರ ಅವರ ನಿಯಮವೆಂದು ಹೆಸರಿಸುವ ವಾಡಿಕೆಯಿಂದ ಈ ಶಂಕೆ ಹುಟ್ಟಿದೆ. ಅವರ ಕ್ರಮದಲ್ಲಿ ಅನ್ವೇಷಣವು ಒಂದು ನಿಯತವಾದ ಉದ್ದದಿಂದ ಆರಂಭವಾಗುತ್ತದೆ. ಸ್ವೀಕೃತವಾದ ಹೆಜ್ಜೆಯು ಆ ಮೊದಲ ಉದ್ದವೇ ಆಗಿರಬೇಕು, ಇಲ್ಲವೆ ಅತಿದೀರ್ಘವೆಂದು ತಿರಸ್ಕೃತವಾದುದರ ಅರ್ಧವಾಗಿರಬೇಕು. ಆದುದರಿಂದ ಇಳಿಜಾರು ಹಠಾತ್ತಾಗಿ ಬದಲಾಗದ ಫಲನಗಳಲ್ಲಿ ಕುಂಟುನಡಿಗೆಗೆ ಅವಕಾಶವೇ ಇಲ್ಲ. ಅಸಮತೆಯೂ ಅರ್ಧೀಕರಣವೂ ಕೂಡಿಯೇ ಲಕ್ಷಣ. ಒಂದನ್ನು ಕಿತ್ತು ದೋಷವನ್ನು ಆರೋಪಿಸುವುದು ನ್ಯಾಯವಲ್ಲ. ವುಲ್ಫ್ ಅವರ ನಿಬಂಧನೆಯ ವೈಶಿಷ್ಟ್ಯವು ಬೇರೆ: ಹೆಜ್ಜೆಯು ಯಾವ ಕ್ರಮದಿಂದ ದೊರೆತರೂ ಅದನ್ನು ಪರೀಕ್ಷಿಸಲು ಅದು ಸಮರ್ಥ.

ಎರಡು ಮತಗಳೂ ತಂದುಕೊಡುವುದು ಇಳಿಜಾರಿಲ್ಲದ ಸ್ಥಾನವನ್ನೇ ಹೊರತು ಪರಮ ಕನಿಷ್ಠವನ್ನಲ್ಲ. ಅದು ಹೆಜ್ಜೆಯ ಲಕ್ಷಣದಿಂದ ಸಾಧ್ಯವಾಗುವ ಪ್ರಮೇಯವಲ್ಲ; ಫಲನದ ಸ್ವರೂಪಕ್ಕೆ ಸೇರಿದುದು.