ಕಡಲ ಪರಮಾವಧಿ ಅಲೆಯೂ ಗುಂಬೆಲ್ಲರ ಸರಳರೇಖೆಯೂ: ಒಂದು ವಿಮರ್ಶೆ

ಬಂದರಿಗೆ ಅಲೆ ತಡೆಗೋಡೆಯನ್ನು ಕಟ್ಟಹೊರಟ ಇಂಜಿನಿಯರನಿಗೆ ನಿತ್ಯದ ಅಲೆಗಳ ಸರಾಸರಿಯಿಂದ ಪ್ರಯೋಜನವು ಸ್ವಲ್ಪವೇ. ನೂರು ವರ್ಷಕ್ಕೊಮ್ಮೆ ಬರಬಹುದಾದ ಅಲೆಯ ಎತ್ತರವೆಷ್ಟೆಂಬುದೇ ಅವನ ಪ್ರಶ್ನೆ. ಕೈಯಲ್ಲಿರುವ ದಾಖಲೆಯಾದರೋ ಅನೇಕ ವೇಳೆ ಇಪ್ಪತ್ತು ವರ್ಷಗಳನ್ನೂ ಮೀರದು. ಕಂಡುದರಿಂದ ಕಾಣದುದನ್ನು ಅಳೆಯುವ ಈ ಕಾರ್ಯಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಒದಗಿಸಿದ ಗ್ರಂಥಗಳಲ್ಲಿ, ಎಮಿಲ್ ಗುಂಬೆಲ್ಲರು 1958ರಲ್ಲಿ ಪ್ರಕಟಿಸಿದ ‘ಸ್ಟ್ಯಾಟಿಸ್ಟಿಕ್ಸ್ ಆಫ್ ಎಕ್ಸ್‌ಟ್ರೀಮ್ಸ್’ ಅಗ್ರಗಣ್ಯವಾದುದು.

ಅನೇಕ ಸ್ವತಂತ್ರ ವೀಕ್ಷಣೆಗಳಲ್ಲಿ ಅತಿ ದೊಡ್ಡದರ ವಿತರಣೆಯು ಮೂರು ರೂಪಗಳಲ್ಲೊಂದನ್ನು ಸಮೀಪಿಸುತ್ತದೆಂದು ಫಿಷರ್ ಮತ್ತು ಟಿಪೆಟ್ಟರು 1928ರಲ್ಲಿ ತೋರಿಸಿದ್ದರು. ಈ ಗಣಿತತತ್ತ್ವವನ್ನು ನದಿಯ ಪ್ರವಾಹದಂಥ ಪ್ರಕೃತಿವ್ಯಾಪಾರಗಳಿಗೆ ಅನ್ವಯಿಸಿ, ವಾರ್ಷಿಕ ಗರಿಷ್ಠಗಳನ್ನು ವಿಶೇಷ ರೇಖಾಪತ್ರದ ಮೇಲೆ ಗುರುತಿಸಿ ಸರಳರೇಖೆಯಾಗಿ ಮುಂದುವರಿಸುವ ವಿಧಾನವನ್ನು ಗುಂಬೆಲ್ಲರು ಸರ್ವರಿಗೂ ಸುಲಭವಾಗಿಸಿದರು. ಗ್ರಂಥದ ಹಿರಿಮೆ ಇದೇ. ಅಪಾಯದ ಮೂಲವೂ ಇದೇ.

ಏಕೆಂದರೆ ಆ ಸಿದ್ಧಾಂತವು ವೀಕ್ಷಣೆಗಳೆಲ್ಲ ಒಂದೇ ಜಾತಿಯವಾಗಿರಬೇಕೆಂದು ಕೋರುತ್ತದೆ. ಸಮುದ್ರವು ಈ ನಿಬಂಧನೆಗೆ ಒಳಪಡುವುದಿಲ್ಲ. ನಮ್ಮ ಕರಾವಳಿಯನ್ನೇ ನೋಡಬಹುದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮುಂಗಾರು ಪ್ರತಿವರ್ಷವೂ ದೊಡ್ಡ ಅಲೆಗಳನ್ನೆಬ್ಬಿಸುತ್ತದೆ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಎಬ್ಬಿಸಿದ ಅಲೆಗಳಿಗೆ ಕಾರಣವೇ ಬೇರೆ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಒಂದೇ ರೇಖೆಯನ್ನೆಳೆದರೆ, ರೇಖೆ ಚೆನ್ನಾಗಿ ಹೊಂದಿದರೂ ಅರ್ಥವು ಹೊಂದದು. ಮೇಲಾಗಿ, ವರ್ಷಕ್ಕೊಂದೇ ಗರಿಷ್ಠವನ್ನು ಆರಿಸುವುದರಿಂದ ಅದೇ ವರ್ಷದ ಇತರ ಬಿರುಗಾಳಿಗಳ ಸಾಕ್ಷ್ಯವು ನಷ್ಟವಾಗುತ್ತದೆ. ನಿಶ್ಚಿತ ಮಿತಿಯನ್ನು ಮೀರಿದವನ್ನೆಲ್ಲ ಎಣಿಸುವ ಕ್ರಮಕ್ಕೆ ಪಿಕ್ಯಾಂಡ್ಸರು 1975ರಲ್ಲಿ ಒದಗಿಸಿದ ಆಧಾರವು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದೆ. ಇನ್ನು, ಗುಂಬೆಲ್ಲರ ಹೆಸರಿನ ವಿತರಣೆಗೆ ಮೇಲ್ಮಿತಿಯೆಂಬುದಿಲ್ಲ. ಆಳವಿಲ್ಲದ ನೀರಿನಲ್ಲಿಯಾದರೋ ಅಲೆಯು ಒಂದು ಎತ್ತರವನ್ನು ಮುಟ್ಟಿದೊಡನೆ ಒಡೆಯಲೇಬೇಕು.

‘ನೂರು ವರ್ಷದ ಅಲೆ’ ಎಂಬ ಮಾತನ್ನು ತಪ್ಪಾಗಿ ಗ್ರಹಿಸುವವರೂ ಉಂಟು. ಅದು ನೂರು ವರ್ಷ ಕಳೆದ ಮೇಲೆ ಬರುವ ಅಲೆಯಲ್ಲ. ಯಾವ ವರ್ಷದಲ್ಲಾದರೂ ಮೀರಲ್ಪಡುವ ಸಂಭಾವ್ಯತೆ ನೂರರಲ್ಲಿ ಒಂದಾಗಿರುವ ಎತ್ತರ. 50 ವರ್ಷ ಬಾಳಬೇಕಾದ ಕಟ್ಟಡವು ಅಂಥ ಅಲೆಯನ್ನು ಒಮ್ಮೆಯಾದರೂ ಎದುರಿಸುವ ಸಂಭಾವ್ಯತೆ ಶೇಕಡ 39ಕ್ಕೂ ಹೆಚ್ಚು. ಅದನ್ನು ಶೇಕಡ 10ಕ್ಕೆ ಇಳಿಸಬೇಕಾದರೆ ಸುಮಾರು 475 ವರ್ಷಗಳ ಅಲೆಗೆ ವಿನ್ಯಾಸ ಮಾಡಬೇಕು. ಇಪ್ಪತ್ತು ವರ್ಷಗಳ ದಾಖಲೆಯಿಂದ ಅಷ್ಟು ದೂರ ಚಾಚಿದ ರೇಖೆಯ ಅನಿಶ್ಚಿತತೆಯನ್ನು ವಾಚಕರೇ ಊಹಿಸಬಹುದು.

ಎತ್ತರದ ಅಂದಾಜು ಸರಿಯಾದರೂ ಸಾಲದೆಂಬುದಕ್ಕೆ ಪೋರ್ಚುಗಲ್ಲಿನ ಸಿನೆಸ್ ಬಂದರು ನಿದರ್ಶನ. ಅಲ್ಲಿಯ ತಡೆಗೋಡೆಯನ್ನು 11 ಮೀಟರ್ ಗಣನೀಯ ಅಲೆ ಎತ್ತರಕ್ಕೆ, ಅಂದರೆ ದೊಡ್ಡ ಮೂರನೆಯ ಒಂದು ಭಾಗದ ಅಲೆಗಳ ಸರಾಸರಿಗೆ, ವಿನ್ಯಾಸಗೊಳಿಸಲಾಗಿತ್ತು. 1978ರ ಫೆಬ್ರವರಿಯ ಬಿರುಗಾಳಿಯಲ್ಲಿ ಅಲೆಗಳು ಆ ಎತ್ತರವನ್ನು ಮುಟ್ಟಲಿಲ್ಲವೆಂದೇ ಅಂದಾಜಾಗಿದೆ. ಆದರೂ 42 ಟನ್ ತೂಕದ ಕಾಂಕ್ರೀಟ್ ಡೊಲೊಸ್‌ಗಳು ಮುರಿದುಬಿದ್ದು ಗೋಡೆಯ ಬಹುಭಾಗವು ಹಾಳಾಯಿತು. ಅಲೆಯ ಎತ್ತರವನ್ನು ಹೇಳುವ ಸಂಖ್ಯೆಯು ಅದರ ಆವರ್ತಕಾಲವನ್ನಾಗಲಿ, ಕಾಂಕ್ರೀಟಿನ ಬಲವನ್ನಾಗಲಿ ಹೇಳುವುದಿಲ್ಲ.

ಆದುದರಿಂದ ಗುಂಬೆಲ್ಲರ ಗ್ರಂಥವು ಇಂದಿಗೂ ಪಠನಯೋಗ್ಯವೇ. ಆದರೆ ತರಗತಿಯಲ್ಲಿ ಅದರ ಸೂತ್ರವನ್ನು ಬೋಧಿಸುವಾಗ, ಸೂತ್ರದ ನಿಬಂಧನೆಗಳನ್ನೂ ಉತ್ತರದ ದೋಷಮಿತಿಯನ್ನೂ ಜೊತೆಗೇ ಬೋಧಿಸತಕ್ಕದ್ದು. ದೋಷಮಿತಿಯಿಲ್ಲದ ಒಂದೇ ಸಂಖ್ಯೆಯನ್ನು ಉತ್ತರವೆಂದು ಬರೆದ ವಿದ್ಯಾರ್ಥಿಯು ಲೆಕ್ಕವನ್ನು ಅರ್ಧ ಮಾತ್ರ ಮಾಡಿದಂತೆ.